ನಾಯಿಮರಿಯ ಕೊರಳಪಟ್ಟಿ: ಅದರ ಆಯ್ಕೆ, ಅಳತೆ ಮತ್ತು ನಿಗಾ

ಒಕ್ಕಲಿಗನ ಸಂಪತ್ತನ್ನು ಎಣಿಸುವಾಗ ಎತ್ತು, ಎಮ್ಮೆ, ಆಕಳು, ಕುರಿಗಳನ್ನು ಎಣಿಸುವದು ವಾಡಿಕೆಯಾಗಿರುತ್ತದೆ. ನಾಯಿಯನ್ನು ಎಣಿಸುವವರು ವಿರಳ. ಆದರೆ ಈ ಸಂಪತ್ತನ್ನೆಲ್ಲ ಇರುಳಿನಲ್ಲಿ ಕಾಯುವ ಪ್ರಾಣಿಯು ಅದೇ ಆಗಿರುತ್ತದೆ. ಘಟಪ್ರಭೆಯ ಎರಡೂ ದಂಡೆಗಳಲ್ಲಿರುವ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಲ್ಲಿ ಅನೇಕ ಕುಟುಂಬಗಳು ಊರ ಹೊರಗೆ ತೋಟದ ಮನೆಗಳಲ್ಲಿಯೇ ವಾಸವಾಗಿರುವವು. ಅಲ್ಲಿ ದನದ ಕೊಟ್ಟಿಗೆಯನ್ನೂ, ಕಣದ ರಾಶಿಯನ್ನೂ, ಕಬ್ಬು ಗೋವಿನಜೋಳಗಳ ಬೆಳೆಯನ್ನೂ ಕಾಯುವದಕ್ಕೆ ನಾಯಿಯ ಹೊರತು ಬೇರೆ ಕಾವಲುಗಾರನಿಲ್ಲ. ಸುಗ್ಗಿಯ ನಂತರ ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿ ತರುಬಿಸುವ ಜಮೀನುದಾರನು ಸಹ ಕುರುಬನ ಹಿಂಡಿನೊಡನೆ ಅವನ ನಾಯಿಗಳ ಸೇವೆಯನ್ನೂ ಪಡೆಯುತ್ತಾನೆ.

ಕನ್ನಡನಾಡು ನಾಯಿಯ ಉಪಕಾರವನ್ನು ಮರೆತದ್ದಲ್ಲ. ಈಗಿನ ಮಂಡ್ಯ ಜಿಲ್ಲೆಗೆ ಸೇರಿದ ಆತಕೂರಿನಲ್ಲಿ ದೊರೆತ ಕ್ರಿ. ಶ. ೯೪೯-೫೦ರ ವೀರಗಲ್ಲಿನ ಮೇಲೆ, ಕಾಡುಹಂದಿಯೊಡನೆ ಹೋರಾಡಿ ತಾನೂ ಮಡಿದ ಕಾಳಿ ಎಂಬ ನಾಯಿಯ ಸಂಗತಿಯು ಶಾಸನವಾಗಿ ಕೆತ್ತಲ್ಪಟ್ಟಿರುತ್ತದೆ. ಅಂಥ ಪ್ರಾಣಿಯನ್ನು ಮರಿಯಿರುವಾಗಲೇ ಅಜಾಗರೂಕತೆಯಿಂದ ಕಳೆದುಕೊಳ್ಳುವದು ಒಕ್ಕಲುತನದ ನಷ್ಟಗಳಲ್ಲೊಂದು.

ಈ ನಷ್ಟಕ್ಕೆ ಕಾರಣಗಳು ಹಲವು ಇರುತ್ತವೆ. ಅವುಗಳಲ್ಲಿ ಪೂರ್ಣವಾಗಿ ಯಜಮಾನನ ಕೈಯಲ್ಲಿರುವದು ಕೊರಳಿಗೆ ಕಟ್ಟುವ ಪಟ್ಟಿಯ ದೋಷವೊಂದೇ. ಮರಿಯನ್ನು ಮನೆಗೆ ತಂದ ದಿನ ಮಕ್ಕಳು ಸಂತೋಷದಿಂದ ಸುತಳಿಯನ್ನೋ, ದೃಷ್ಟಿ ತಾಗಬಾರದೆಂದು ಕರಿದಾರವನ್ನೋ, ಪೈಪು ಕಟ್ಟಿ ಉಳಿದ ತಂತಿಯನ್ನೋ ಅದರ ಕೊರಳಿಗೆ ಬಿಗಿಯುತ್ತಾರೆ. ಸುಗ್ಗಿಯ ಗಡಿಬಿಡಿಯಲ್ಲಿ ಆ ದಾರವು ಮರೆತುಹೋಗುತ್ತದೆ. ಆದರೆ ಮರಿಯು ಬೆಳೆಯುವದನ್ನು ಮರೆಯುವದಿಲ್ಲ. ಒಂದೆರಡು ತಿಂಗಳಿನಲ್ಲಿ ದಾರವು ಕೂದಲೊಳಗೆ ಕಾಣದಾಗಿ, ಚರ್ಮವನ್ನು ಕೊಯ್ದು, ಮಾಂಸದೊಳಗೆ ಇಳಿದಿರುತ್ತದೆ. ದುರ್ವಾಸನೆ ಬಂದಾಗಲೇ ಮನೆಯವರಿಗೆ ಎಚ್ಚರ. ಅಷ್ಟರಲ್ಲಿ ಗಾಯದಲ್ಲಿ ಹುಳ ಬಿದ್ದಿರುವದೂ ಉಂಟು. ಕಾರಣ ಮರಿಯ ಕೊರಳಪಟ್ಟಿಯನ್ನು ಹೇಗೆ ಆರಿಸಬೇಕು, ಹೇಗೆ ಅಳೆಯಬೇಕು, ಎಷ್ಟು ದಿನಕ್ಕೊಮ್ಮೆ ನೋಡಬೇಕು ಎಂಬ ಸಂಗತಿಗಳನ್ನು ಈ ಕೆಳಗೆ ಕ್ರಮವಾಗಿ ವಿವರಿಸಲಾಗಿದೆ.

೧. ಮರಿಯ ಕೊರಳಿನ ರಚನೆ

ಎತ್ತಿನ ಹೆಗಲು ನೊಗದ ಭಾರವನ್ನು ಹೊರಬಲ್ಲದು. ನಾಯಿಯ ಕೊರಳು ಹೆಗಲಲ್ಲ. ಕೊರಳಿನ ಮುಂಭಾಗದಲ್ಲಿ ತೆಳುವಾದ ಚರ್ಮದ ಕೆಳಗೆಯೇ ಶ್ವಾಸನಾಳವಿದ್ದು, ಅದರ ಹಿಂದೆ ಅನ್ನನಾಳವೂ, ಎರಡು ಪಕ್ಕಗಳಲ್ಲಿ ತಲೆಗೆ ರಕ್ತವನ್ನೊಯ್ಯುವ ಮತ್ತು ಹಿಂದಕ್ಕೆ ತರುವ ದೊಡ್ಡ ನಾಳಗಳೂ ಇರುತ್ತವೆ. ಶ್ವಾಸನಾಳವು ಮೃದು ಎಲುಬಿನ ಉಂಗುರಗಳಿಂದ ಆದದ್ದು. ಈ ಉಂಗುರಗಳು ಪೂರ್ಣ ವರ್ತುಲವಾಗಿರದೆ ಬೆನ್ನಿನ ಕಡೆಗೆ ತೆರೆದಿರುತ್ತವೆ. ಎಳೆಯ ಮರಿಯಲ್ಲಿ ಅವು ಇನ್ನೂ ಮೆತ್ತಗಿರುವ ಕಾರಣ, ಹಗ್ಗವನ್ನು ಒಮ್ಮೆಲೇ ಜಗ್ಗಿದರೆ ಒಳಕ್ಕೆ ಒತ್ತಲ್ಪಟ್ಟು ಕೆಮ್ಮು, ಗೊರಗೊರ ಶಬ್ದ, ಉಸಿರುಗಟ್ಟುವಿಕೆ ಮೊದಲಾದವು ತಲೆದೋರುವವು.

ಭಾರದ ವಿಷಯದಲ್ಲಿಯೂ ಒಂದು ಲೆಕ್ಕವನ್ನು ಮಾಡಿ ನೋಡತಕ್ಕದ್ದು. ೨ ಕಿಲೋಗ್ರಾಂ ತೂಕದ ಮರಿಗೆ ೧೦೦ ಗ್ರಾಂ ತೂಕದ ಪಟ್ಟಿ, ಬಕಲು, ಗೆಜ್ಜೆಗಳನ್ನು ಕಟ್ಟಿದರೆ, ಅದು ಮರಿಯ ತೂಕದ ಇಪ್ಪತ್ತನೆಯ ಒಂದು ಪಾಲಾಗುತ್ತದೆ. ೬೦ ಕಿಲೋಗ್ರಾಂ ತೂಕದ ಮನುಷ್ಯನು ೩ ಕಿಲೋಗ್ರಾಂ ಭಾರವನ್ನು ಹಗಲಿರುಳು ಕೊರಳಲ್ಲಿ ಹೊತ್ತಂತೆ ಇದು! ದೊಡ್ಡ ನಾಯಿಯ ಹಳೆಯ ಪಟ್ಟಿಗೆ ಹೊಸ ತೂತು ಹೊಡೆದು ಮರಿಗೆ ಹಾಕುವ ಪದ್ಧತಿಯು ಈ ಕಾರಣದಿಂದಲೇ ತಪ್ಪಾಗಿರುತ್ತದೆ.

೨. ಯಾವ ವಯಸ್ಸಿನಲ್ಲಿ ಕಟ್ಟಬೇಕು

ಹುಟ್ಟಿದ ಮರಿಯು ಸುಮಾರು ೧೦ರಿಂದ ೧೪ ದಿನಗಳಲ್ಲಿ ಕಣ್ಣು ತೆರೆಯುತ್ತದೆ. ಮೂರು ನಾಲ್ಕು ವಾರಗಳ ನಂತರ ತಾಯಿಹಾಲಿನ ಜೊತೆಗೆ ಮೆತ್ತಗಿನ ಆಹಾರವನ್ನು ತಿನ್ನತೊಡಗುತ್ತದೆ. ತಾಯಿಯ ಬಳಿ ಇರುವ ಈ ಕಾಲದಲ್ಲಿ ಕೊರಳಿಗೆ ಏನನ್ನೂ ಕಟ್ಟದಿರುವದೇ ಉತ್ತಮ. ಒಡಹುಟ್ಟಿದ ಮರಿಗಳು ಆಟದಲ್ಲಿ ಒಂದರ ಕೊರಳನ್ನೊಂದು ಕಚ್ಚುವವು. ಆಗ ಹಲ್ಲು ಅಥವಾ ಕೆಳದವಡೆಯು ಪಟ್ಟಿಯಲ್ಲಿ ಸಿಕ್ಕಿಕೊಂಡರೆ, ಒಂದು ಮರಿಯ ದವಡೆಗೂ ಮತ್ತೊಂದರ ಕೊರಳಿಗೂ ಏಕಕಾಲಕ್ಕೆ ಅಪಾಯ. ಮರಿಗಳ ಗುರುತಿಗಾಗಿ ಏನಾದರೂ ಬೇಕೇ ಆಗಿದ್ದರೆ, ಪ್ರತಿಯೊಂದರ ಮೈಬಣ್ಣ ಮತ್ತು ಮಚ್ಚೆಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡರೆ ಸಾಕಾಗುವದು.

ಮರಿಯನ್ನು ತಾಯಿಯಿಂದ ಅಗಲಿಸುವದು ಸುಮಾರು ಎಂಟು ವಾರಗಳು ತುಂಬಿದ ಮೇಲೆ ಆಗತಕ್ಕದ್ದು. ಹೊಸ ಮನೆಗೆ ಬಂದು ಎರಡು ಮೂರು ದಿನ ಕಳೆದು, ಉಣ್ಣುವದೂ ಮಲಗುವದೂ ಸರಿಯಾದ ಮೇಲೆ ಕೊರಳಪಟ್ಟಿಯ ರೂಢಿಯನ್ನು ಆರಂಭಿಸಬಹುದು.

೩. ಅಳತೆ ತೆಗೆದುಕೊಳ್ಳುವ ರೀತಿ

ಸಂತೆಗೆ ಹೋಗಿ ಕಣ್ಣಂದಾಜಿನಿಂದ ಪಟ್ಟಿಯನ್ನು ಕೊಳ್ಳಬಾರದು. ಮನೆಯಲ್ಲಿಯೇ ಮರಿಯನ್ನು ನಿಲ್ಲಿಸಿ, ತಲೆಯು ಸಹಜವಾಗಿ ಎತ್ತಿರುವಾಗ, ಕೊರಳಿನ ನಡುಭಾಗಕ್ಕೆ ಒಂದು ಮೆತ್ತಗಿನ ನೂಲನ್ನು ಬಿಗಿಯದೆ ಸುತ್ತಿ, ಎರಡು ತುದಿ ಕೂಡಿದಲ್ಲಿ ಗುರುತು ಮಾಡಿ, ನೂಲನ್ನು ಅಳತೆಕೋಲಿನ ಮೇಲೆ ಚಾಚಿ ನೋಡತಕ್ಕದ್ದು. ಬಂದ ಅಳತೆಗೆ ಸುಮಾರು ೨ ಸೆಂಟಿಮೀಟರ್ ಕೂಡಿಸಿದರೆ ಆ ದಿನಕ್ಕೆ ತಕ್ಕ ಪಟ್ಟಿಯ ಸುತ್ತಳತೆ ದೊರೆಯುವದು. ಉದಾಹರಣೆಗೆ, ನೂಲಿನ ಅಳತೆ ೧೮ ಸೆಂಟಿಮೀಟರ್ ಇದ್ದರೆ ಪಟ್ಟಿಯನ್ನು ೨೦ ಸೆಂಟಿಮೀಟರಿಗೆ ಹೊಂದಿಸಬೇಕು. ಕೊಳ್ಳುವ ಪಟ್ಟಿಯಾದರೋ ಇದಕ್ಕಿಂತ ಏಳೆಂಟು ಸೆಂಟಿಮೀಟರ್ ಹೆಚ್ಚು ಸಡಿಲಿಸಲು ಬರುವಂಥದಾಗಿದ್ದರೆ ಒಂದೆರಡು ತಿಂಗಳು ಬಾಳಿಕೆ ಬರುವದು.

ಕಟ್ಟಿದ ಮೇಲೆ ಮೂರು ಪರೀಕ್ಷೆಗಳನ್ನು ಮಾಡತಕ್ಕದ್ದು.

ಮೊದಲನೆಯದು ಬೆರಳಿನ ಪರೀಕ್ಷೆ. ದೊಡ್ಡ ನಾಯಿಗೆ ಪಟ್ಟಿಯ ಕೆಳಗೆ ಎರಡು ಬೆರಳು ಸೇರಬೇಕೆಂಬ ನಿಯಮವು ಪ್ರಸಿದ್ಧವಾಗಿದೆ. ಅತಿ ಚಿಕ್ಕ ಮರಿಯ ಕೊರಳು ಗಂಡಸಿನ ಮುಂಗೈಗಿಂತ ದಪ್ಪವಲ್ಲದ್ದರಿಂದ, ಅದಕ್ಕೆ ಎರಡು ಬೆರಳಿನ ಸಡಿಲು ಬಹಳವಾಯಿತು. ಒಂದು ಬೆರಳು ಒತ್ತಡವಿಲ್ಲದೆ ಸೇರಿದರೆ ಸರಿ.

ಎರಡನೆಯದು ಕಿವಿಯ ಪರೀಕ್ಷೆ. ಪಟ್ಟಿಯನ್ನು ಮೆಲ್ಲಗೆ ಮುಂದಕ್ಕೆ ಸರಿಸಿದರೆ ಅದು ಕಿವಿಗಳ ಹಿಂದೆ ನಿಲ್ಲಬೇಕು. ಕಿವಿಗಳನ್ನು ದಾಟಿ ಬಂದರೆ ಸಡಿಲಾಯಿತೆಂದು ತಿಳಿಯಬೇಕು.

ಮೂರನೆಯದು ದವಡೆಯ ಪರೀಕ್ಷೆ. ಮರಿಯು ತಲೆ ಬಾಗಿಸಿ ಪಟ್ಟಿಯನ್ನು ಕಚ್ಚಲು ಯತ್ನಿಸುವಾಗ ಕೆಳದವಡೆಯು ಅದರೊಳಗೆ ಸೇರಬಾರದು. ಸಡಿಲಾದ ಪಟ್ಟಿಯು ದಯೆಯ ಗುರುತೆಂದು ಕೆಲವರ ಭಾವನೆಯಿದ್ದರೂ, ಅದರಲ್ಲಿ ದವಡೆಯಾಗಲಿ ಮುಂಗಾಲಾಗಲಿ ಸಿಕ್ಕಿಕೊಂಡು ಮರಿಯು ಒದ್ದಾಡಿ ಸಾಯುವ ಸಂಭವವುಂಟು. ಬಿಗಿಯಾದ ಪಟ್ಟಿ ದಿನಗಳಲ್ಲಿ ಕೊಲ್ಲುವದು. ಸಡಿಲಾದದ್ದು ಗಳಿಗೆಯಲ್ಲಿ ಕೊಲ್ಲುವದು.

೪. ಪಟ್ಟಿಯ ವಸ್ತು, ಅಗಲ ಮತ್ತು ಬಕಲು

ಚಿಕ್ಕ ಮರಿಗೆ ಮೆತ್ತಗಿನ ನೂಲಿನ ಅಥವಾ ನೈಲಾನಿನ ನೇಯ್ದ ಪಟ್ಟಿಯು ಉತ್ತಮವಾದದ್ದು. ಅಗಲವು ೧ರಿಂದ ೧.೫ ಸೆಂಟಿಮೀಟರ್ ಇರಬೇಕು. ಇದಕ್ಕೂ ಸಣ್ಣದಾದರೆ ದಾರದಂತೆ ಕೊಯ್ಯುವದು. ಅಗಲವಾದರೆ ತಲೆ ಬಾಗಿಸಲು ಬಿಡುವದಿಲ್ಲ. ಅಂಚುಗಳು ಮಡಿಚಿ ಹೊಲಿದವಾಗಿರಬೇಕು. ಬಕಲು ಚಿಕ್ಕದೂ ಹಗುರವೂ ಆಗಿದ್ದು, ಅದರ ಕೊಕ್ಕೆಯ ತುದಿಯು ಚರ್ಮಕ್ಕೆ ತಾಗದಂತಿರಬೇಕು.

ತೊಗಲಿನ ಪಟ್ಟಿಯನ್ನು ಇಚ್ಛಿಸುವವರಿಗೆ ಈ ಸೀಮೆಯಲ್ಲಿ ಕೊರತೆಯಿಲ್ಲ. ಬೆಳಗಾವಿ ಜಿಲ್ಲೆಯ ಅಥಣಿಯ ಕುಶಲಕರ್ಮಿಗಳು ಜಾಲಿಯ ತೊಗಟೆ ಮತ್ತು ಅಳಲೆಕಾಯಿಗಳಿಂದ ಹದಮಾಡಿದ ತೊಗಲಿನಲ್ಲಿ ಚಪ್ಪಲಿಗಳನ್ನು ಮಾಡುವದರಲ್ಲಿ ಹೆಸರಾದವರು. ಕೊಲ್ಹಾಪುರಿ ಚಪ್ಪಲಿಗೆ ೨೦೧೯ರಲ್ಲಿ ದೊರೆತ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ಜಿಲ್ಲೆಗಳೊಡನೆ ಕರ್ನಾಟಕದ ಬೆಳಗಾವಿಯೂ ಸೇರಿರುತ್ತದೆ. ಚಪ್ಪಲಿಯ ಉಂಗುಟಕ್ಕೆ ಬಳಸುವಂಥ ತೆಳುವಾದ ತೊಗಲಿನಿಂದ ಮರಿಗೆ ಪಟ್ಟಿಯನ್ನು ಮಾಡಿಸಿಕೊಳ್ಳಬಹುದು. ಅಟ್ಟೆಯ ದಪ್ಪ ತೊಗಲು ಕೂಡದು. ತೊಗಲು ಮಳೆಯಲ್ಲಿ ನೆನೆದು ಒಣಗಿದರೆ ಬಿರುಸಾಗಿ ಕುಗ್ಗುವದರಿಂದ, ನೆನೆದ ಪಟ್ಟಿಯನ್ನು ಕೂಡಲೇ ಬಿಚ್ಚಿ, ನೆರಳಿನಲ್ಲಿ ಒಣಗಿಸಿ, ತುಸು ಕೊಬ್ಬರಿಎಣ್ಣೆಯನ್ನು ಸವರಿ, ಅಳತೆಯನ್ನು ಮತ್ತೆ ನೋಡಿ ಕಟ್ಟತಕ್ಕದ್ದು.

ಕೂಡದ ವಸ್ತುಗಳು ಇವು: ಸುತಳಿ, ಕತ್ತಾಳೆಯ ಹುರಿ, ಪ್ಲಾಸ್ಟಿಕ್ ದಾರ, ತಂತಿ, ರಬ್ಬರಿನ ಉಂಗುರ, ಕಬ್ಬಿಣದ ಸರಪಳಿ, ಜಗ್ಗಿದಷ್ಟೂ ಬಿಗಿಯುವ ಜೀರುಗುಣಿಕೆ. ಇವುಗಳಲ್ಲಿ ರಬ್ಬರು ಅತ್ಯಂತ ಕೆಟ್ಟದ್ದು. ಯಾಕಂದರೆ ಅದು ಹಿಗ್ಗಿಕೊಡುವಂತೆ ತೋರಿ ಹಗಲಿರುಳು ಒತ್ತುತ್ತಲೇ ಇರುವದು. ಹರಕೆಯ ಕರಿದಾರವನ್ನು ಕಟ್ಟಲೇಬೇಕೆಂಬ ಮನೆಯವರು ಅದನ್ನು ಮರಿಯ ಕೊರಳಿಗೆ ಬಿಗಿಯದೆ ಪಟ್ಟಿಗೆ ಹೊಲಿದುಬಿಟ್ಟರೆ ನಂಬಿಕೆಯೂ ಉಳಿಯುವದು, ಮರಿಯೂ ಉಳಿಯುವದು.

ತೋಳ ಚಿರತೆಗಳಿಂದ ರಕ್ಷಣೆಗಾಗಿ ಹಿಂಡಿನ ನಾಯಿಗೆ ಮೊಳೆಯ ಪಟ್ಟಿಯನ್ನು ಕಟ್ಟುವ ಪದ್ಧತಿಯು ಹಿಮಾಲಯದ ಕುರಿಗಾಹಿಗಳಲ್ಲಿಯೂ ತುರ್ಕಸ್ತಾನದವರಲ್ಲಿಯೂ ಉಂಟು. ಎರಡು ಸಾವಿರ ವರ್ಷಗಳ ಹಿಂದೆ ಒಕ್ಕಲುತನವನ್ನು ಕುರಿತು ಗ್ರಂಥ ಬರೆದ ರೋಮಿನ ವಾರೋ ಎಂಬ ಪಂಡಿತನು ಇಂಥ ಪಟ್ಟಿಯನ್ನು ವರ್ಣಿಸುತ್ತ, ಮೊಳೆಗಳ ತಲೆಯ ಕೆಳಗೆ ಮೆತ್ತಗಿನ ತೊಗಲನ್ನು ಹೊಲಿಯಬೇಕೆಂದೂ, ಇಲ್ಲವಾದರೆ ಕಬ್ಬಿಣವು ನಾಯಿಯ ಕೊರಳನ್ನೇ ನೋಯಿಸುವದೆಂದೂ ತಿಳಿಸಿರುತ್ತಾನೆ. ವೈರಿಗಾಗಿ ಮಾಡಿದ ಪಟ್ಟಿಯಲ್ಲಿಯೂ ಕೊರಳಿನ ಯೋಚನೆಯೇ ಮೊದಲು ಎಂಬುದು ಇದರ ತಾತ್ಪರ್ಯ. ಆದಾಗ್ಯೂ ಮೊಳೆಯ ಪಟ್ಟಿಯು ಪೂರ್ಣ ಬೆಳೆದ ನಾಯಿಗೆ ಮಾತ್ರ ಯೋಗ್ಯ. ಮರಿಗೆ ಎಂದಿಗೂ ಅಲ್ಲ.

೫. ಮುಧೋಳ ಜಾತಿಯ ಮರಿಗಳ ವಿಶೇಷ

ಗೋಕಾಕದ ಜಲಪಾತದಲ್ಲಿ ಧುಮುಕಿದ ಘಟಪ್ರಭೆಯೇ ಮುಂದೆ ಹರಿದು ಮುಧೋಳವನ್ನು ಮುಟ್ಟುತ್ತದೆ. ಆ ಊರಿನ ಹೆಸರನ್ನು ಹೊತ್ತ ಬೇಟೆನಾಯಿಯು ಈ ತಾಲೂಕುಗಳಲ್ಲಿಯೂ ಅನೇಕರ ಮನೆಯಲ್ಲಿರುತ್ತದೆ. ೨೦೦೫ರಲ್ಲಿ ಭಾರತದ ಅಂಚೆ ಇಲಾಖೆಯು ಇದರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು. ೨೦೧೬ರಲ್ಲಿ ಭಾರತೀಯ ಸೇನೆಯು ಇದರ ಮರಿಗಳನ್ನು ಮೀರತ್‌ನಲ್ಲಿ ತರಬೇತಿಗೆ ತೆಗೆದುಕೊಂಡಿತು. ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಈ ಜಾತಿಯ ಸಂರಕ್ಷಣೆಗಾಗಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನಾ ಕೇಂದ್ರವಿರುತ್ತದೆ.

ಈ ಜಾತಿಯ ನಾಯಿಗೆ ತಲೆಯು ಕಿರಿದೂ ನೀಳವೂ ಆಗಿದ್ದು, ಕೊರಳು ಉದ್ದವಾಗಿಯೂ ಸ್ನಾಯುಯುಕ್ತವಾಗಿಯೂ ಇರುತ್ತದೆ. ಆದ್ದರಿಂದ ಸಾಧಾರಣ ಪಟ್ಟಿಯು ಹಿಂದಕ್ಕೆ ಜಗ್ಗಿದೊಡನೆ ತಲೆಯಿಂದ ಜಾರಿ ಬೀಳುವದು. ಜಾರದಿರಲೆಂದು ಬಿಗಿಯಾಗಿ ಕಟ್ಟಿದರೆ, ತೆಳುವಾದ ಚರ್ಮವೂ ಗಿಡ್ಡ ಕೂದಲೂ ಉಳ್ಳ ಈ ಮರಿಯು ಬೇಗ ಗಾಯಗೊಳ್ಳುವದು. ಬೆಳೆದ ನಾಯಿಗೆ ಕೊರಳಿನ ನಡುವೆ ನಿಲ್ಲುವ ಅಗಲವಾದ ಪಟ್ಟಿಯನ್ನಾಗಲಿ, ಜಗ್ಗಿದಾಗ ಒಂದು ಮಿತಿಯವರೆಗೆ ಮಾತ್ರ ಬಿಗಿದು ನಿಲ್ಲುವ ಎರಡು ಸುತ್ತಿನ ಪಟ್ಟಿಯನ್ನಾಗಲಿ ಉಪಯೋಗಿಸುವರು. ಮರಿಗಾದರೋ ಉತ್ತಮ ಉಪಾಯವೆಂದರೆ, ಕೊರಳಿಗೆ ಗುರುತಿನ ಹಗುರ ಪಟ್ಟಿಯನ್ನು ಮಾತ್ರ ಕಟ್ಟಿ, ಹಗ್ಗವನ್ನು ಎದೆಪಟ್ಟಿಗೆ ಕಟ್ಟುವದು. ಎದೆಯನ್ನೂ ಮುಂಗಾಲುಗಳ ಹಿಂಭಾಗವನ್ನೂ ಸುತ್ತುವ ಈ ಪಟ್ಟಿಯಲ್ಲಿ ಜಗ್ಗಾಟದ ಬಲವು ಎದೆಯ ಎಲುಬುಗಳ ಮೇಲೆ ಬೀಳುವದರಿಂದ ಶ್ವಾಸನಾಳಕ್ಕೆ ಬಾಧೆಯಿಲ್ಲ. ಉಳಿದ ಜಾತಿಯ ಮರಿಗಳಿಗೂ, ನಾಡನಾಯಿಯ ಮರಿಗೂ ಇದೇ ರೀತಿಯು ಹಿತಕರವಾದದ್ದು.

೬. ರೂಢಿ ಮಾಡಿಸುವದು ಮತ್ತು ಕಟ್ಟಿಹಾಕುವದು

ಮೊದಲನೆಯ ದಿನ ಮರಿಗೆ ಆಹಾರ ಹಾಕುವಾಗ ಪಟ್ಟಿಯನ್ನು ಕಟ್ಟಿ, ಉಂಡು ಮುಗಿದೊಡನೆ ಬಿಚ್ಚತಕ್ಕದ್ದು. ಮರಿಯು ಕಾಲಿನಿಂದ ಕೆರೆದುಕೊಳ್ಳುವದೂ, ನೆಲಕ್ಕೆ ಉರುಳುವದೂ ಸಹಜ, ಅದಕ್ಕಾಗಿ ಗದರಿಸಬಾರದು. ದಿನದಿನಕ್ಕೆ ಸಮಯವನ್ನು ಹೆಚ್ಚಿಸುತ್ತ ಹೋದರೆ ಒಂದು ವಾರದಲ್ಲಿ ಅದಕ್ಕೆ ಪಟ್ಟಿಯ ಅರಿವೇ ಇರುವದಿಲ್ಲ. ಹಗ್ಗವನ್ನು ಆ ಬಳಿಕ ಕಟ್ಟಬೇಕು.

ಮನೆಯವರು ಹೊಲಕ್ಕೆ ಹೋಗುವಾಗಲೂ, ರಾತ್ರಿ ಮಲಗುವಾಗಲೂ ಎಳೆಯ ಮರಿಯ ಪಟ್ಟಿಯನ್ನು ಬಿಚ್ಚಿಡುವದು ಲೇಸು. ತೋಟದ ಮನೆಯ ಸುತ್ತಲೂ ಜಾಲಿಯ ಮುಳ್ಳಿನ ಬೇಲಿ, ತಂತಿಯ ಬೇಲಿ, ಕಬ್ಬಿನ ರವದಿ, ಬಂಡಿಯ ಗೂಟ ಮೊದಲಾದವು ಇರುವದರಿಂದ, ಒಂಟಿಯಾಗಿರುವ ಮರಿಯ ಪಟ್ಟಿಯು ಅವುಗಳಲ್ಲಿ ಸಿಕ್ಕಿಕೊಂಡರೆ ಬಿಡಿಸುವವರಿರುವದಿಲ್ಲ. ಗುರುತಿಗಾಗಿ ಪಟ್ಟಿಯು ಇರಲೇಬೇಕಾದಲ್ಲಿ, ಅದರ ಎರಡು ತುದಿಗಳನ್ನು ತೆಳುವಾದ ನೂಲಿನ ಎರಡೇ ಹೊಲಿಗೆಗಳಿಂದ ಕೂಡಿಸತಕ್ಕದ್ದು. ಮರಿಯು ಸಿಕ್ಕಿ ಜಗ್ಗಿದರೆ ನೂಲು ಹರಿದು ಪ್ರಾಣ ಉಳಿಯುವದು. ಜಗ್ಗಿದರೆ ತಾನಾಗಿ ಬಿಚ್ಚುವ ಬಕಲುಳ್ಳ ಪಟ್ಟಿಗಳೂ ಪೇಟೆಯಲ್ಲಿ ದೊರೆಯುತ್ತವೆ. ಆದರೆ ಇಂಥ ಪಟ್ಟಿಗೆ ಹಗ್ಗವನ್ನು ಕಟ್ಟಿ ರಸ್ತೆಗೆ ಒಯ್ಯಬಾರದೆಂಬುದನ್ನು ನೆನಪಿಡಬೇಕು.

ಕಟ್ಟೆ, ಮೆಟ್ಟಿಲು, ಬಂಡಿಗಳ ಹತ್ತಿರ ಮರಿಯನ್ನು ಕೊರಳಪಟ್ಟಿಯಿಂದ ಕಟ್ಟಿಹಾಕಿದರೆ ಅದು ಆಚೆಗೆ ಹಾರಿ ನೇತುಬೀಳುವ ಭಯವುಂಟು. ಕಬ್ಬು ನುರಿಸುವ ಕಾಲದಲ್ಲಿ ರಸ್ತೆಗಳ ಮೇಲೆ ಟ್ರ್ಯಾಕ್ಟರುಗಳು ಇರುಳೆಲ್ಲ ಸಂಚರಿಸುವವು. ರಸ್ತೆಯ ಬದಿಯ ಮನೆಯವರು ಬೆಳಕು ಬಿದ್ದರೆ ಹೊಳೆಯುವ ಚೂರೊಂದನ್ನು ಪಟ್ಟಿಗೆ ಹೊಲಿಸಿದರೆ ಅನುಕೂಲವಾದೀತು.

೭. ವಾರದ ತನಿಖೆ

ಇಲ್ಲಿಯವರೆಗೆ ಹೇಳಿದ್ದರಲ್ಲೆಲ್ಲ ಮುಖ್ಯವಾದದ್ದು ಇದು. ಕೊರಳಪಟ್ಟಿಯು ಒಮ್ಮೆ ಕಟ್ಟಿ ಬಿಡುವ ವಸ್ತುವಲ್ಲ. ಮರಿಯ ಕೊರಳು ವಾರಕ್ಕೆ ಒಂದು ಸೆಂಟಿಮೀಟರಿನಂತೆ ಬೆಳೆಯಿತೆಂದು ಎಣಿಸಿದರೂ, ಬಿಟ್ಟ ೨ ಸೆಂಟಿಮೀಟರ್ ಸಡಿಲು ಹದಿನೈದು ದಿನಗಳಲ್ಲಿ ಮುಗಿದುಹೋಗುವದು. ಮೂರನೆಯ ವಾರದಿಂದ ಪಟ್ಟಿಯು ಒತ್ತತೊಡಗುವದು. ಕಾರಣ ಆರು ತಿಂಗಳು ತುಂಬುವವರೆಗೆ ವಾರಕ್ಕೊಮ್ಮೆಯೂ, ಮುಂದೆ ವರ್ಷ ತುಂಬುವವರೆಗೆ ಹದಿನೈದು ದಿನಕ್ಕೊಮ್ಮೆಯೂ ಬೆರಳಿನ ಪರೀಕ್ಷೆಯನ್ನು ತಪ್ಪದೆ ಮಾಡತಕ್ಕದ್ದು. ದಿನವನ್ನು ಮರೆಯದಿರಲು ಊರ ಸಂತೆಯ ದಿನವನ್ನೇ ಇದಕ್ಕೆ ಗೊತ್ತುಪಡಿಸಿಕೊಳ್ಳಬಹುದು. ಸಂತೆಯ ಚೀಲವನ್ನು ಹೆಗಲಿಗೇರಿಸುವ ಮುನ್ನ ಮರಿಯ ಕೊರಳಿಗೆ ಒಂದು ಬೆರಳು!

ಅದೇ ದಿನ ಪಟ್ಟಿಯನ್ನು ಬಿಚ್ಚಿ ತೊಳೆದು, ಕೊರಳಿನ ಕೂದಲನ್ನು ಹಿಂದುಮುಂದಾಗಿ ಸರಿಸಿ ನೋಡಬೇಕು. ಉಣ್ಣೆಗಳು ಪಟ್ಟಿಯ ಮರೆಯಲ್ಲಿ ಸೇರಿಕೊಳ್ಳುವದುಂಟು. ಅವುಗಳ ನಾಶಕ್ಕಾಗಿ ಬೆಳೆಗೆ ಹೊಡೆಯುವ ಕೀಟನಾಶಕವನ್ನಾಗಲಿ, ದನಗಳಿಗಾಗಿ ತಂದ ಔಷಧವನ್ನಾಗಲಿ ಪಟ್ಟಿಗೆ ಸವರುವದು ಅತ್ಯಂತ ಅಪಾಯಕರ. ಮರಿಯು ಅದನ್ನು ನೆಕ್ಕಿಯೂ, ಚರ್ಮದ ಮೂಲಕ ಹೀರಿಕೊಂಡೂ ವಿಷಪ್ರಾಪ್ತಿಯಿಂದ ಸಾಯಬಹುದು. ಪೇಟೆಯಲ್ಲಿ ದೊರೆಯುವ ಔಷಧಯುಕ್ತ ಪಟ್ಟಿಗಳನ್ನು ಸಹ, ಅವುಗಳ ಮೇಲೆ ಬರೆದ ವಯಸ್ಸಿಗಿಂತ ಚಿಕ್ಕದಾದ ಮರಿಗೆ ಕಟ್ಟಕೂಡದು.

ಕೂದಲು ಉದುರುವದು, ಚರ್ಮ ಕೆಂಪಾಗುವದು, ಒದ್ದೆಯಾಗುವದು ಇವು ಗಾಯದ ಮೊದಲ ಚಿಹ್ನೆಗಳು. ಆಗ ಪಟ್ಟಿಯನ್ನು ತೆಗೆದು ಪೂರ್ಣ ಗುಣವಾಗುವವರೆಗೆ ಕಟ್ಟದಿದ್ದರೆ ಸಾಕು. ಪಟ್ಟಿ ಅಥವಾ ದಾರವು ಮಾಂಸದೊಳಗೆ ಇಳಿದಿದ್ದರೆ ಮನೆಯಲ್ಲಿ ಜಗ್ಗಿ ಕೀಳಬಾರದು. ಕೆಳಗೆ ದೊಡ್ಡ ರಕ್ತನಾಳಗಳಿರುತ್ತವೆ. ಗಾಯದಲ್ಲಿ ಹುಳಗಳು ಕಂಡರೆ ಫಿನಾಯಿಲು, ಸೀಮೆಎಣ್ಣೆಗಳನ್ನು ಸುರಿಯದೆ, ಮರಿಯನ್ನು ಮೆತ್ತಗಿನ ಬಟ್ಟೆಯಲ್ಲಿ ಸುತ್ತಿ ಹತ್ತಿರದ ಸರಕಾರಿ ಪಶು ಆಸ್ಪತ್ರೆಗೆ ಅದೇ ದಿನ ಒಯ್ಯತಕ್ಕದ್ದು.

೮. ಕೊರಳಪಟ್ಟಿಯೂ ಹುಚ್ಚುನಾಯಿ ರೋಗವೂ

ಪಟ್ಟಿಯುಳ್ಳ ನಾಯಿಗೆ ಯಜಮಾನನಿದ್ದಾನೆಂದು ಊರು ತಿಳಿಯುತ್ತದೆ. ಆದರೆ ಅದಕ್ಕೆ ರೋಗವಿಲ್ಲವೆಂದು ತಿಳಿಯಲಾಗದು. ಮರಿಗೆ ಮೂರು ತಿಂಗಳು ತುಂಬಿದಾಗ ಹುಚ್ಚುನಾಯಿ ರೋಗದ ನಿರೋಧಕ ಚುಚ್ಚುಮದ್ದನ್ನು ಹಾಕಿಸಿ, ಪಶುವೈದ್ಯರು ಹೇಳಿದ ಕಾಲಕ್ಕೆ ಮರಳಿ ಹಾಕಿಸುತ್ತ ಬರಬೇಕು. ಪಟ್ಟಿಯ ಮೇಲೆ ಯಜಮಾನನ ದೂರವಾಣಿಯ ಅಂಕೆಗಳನ್ನು ಅಳಿಯದ ಮಸಿಯಿಂದ ಬರೆದರೆ ಕಳೆದುಹೋದ ಮರಿಯು ಮನೆಗೆ ಮರಳುವದು. ಚಿಕ್ಕ ಮರಿಗೆ ತೂಗಾಡುವ ಬಿಲ್ಲೆಯು ಬೇಡ. ಅದು ಕಿತ್ತು ನುಂಗಲ್ಪಡಬಹುದು. ಎಂಥ ನಾಯಿಯೇ ಕಚ್ಚಿದರೂ, ಅದಕ್ಕೆ ಪಟ್ಟಿಯಿದ್ದರೂ ಇಲ್ಲದಿದ್ದರೂ, ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ ೧೫ ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗತಕ್ಕದ್ದು.

೯. ಊರ ಹಿರಿಯರು ಮಾಡಬೇಕಾದದ್ದು

ಗೌಡರ ಅಂಗಳದಲ್ಲಿ ಕಂಡದ್ದು ಊರ ಅಂಗಳಗಳಿಗೆ ಹರಡುವದು ಸ್ವಾಭಾವಿಕ. ಹಿರಿಯರ ಮನೆಯ ಮರಿಗೆ ಸುತಳಿ ಇದ್ದರೆ ಆಳುಗಳ ಮನೆಯ ಮರಿಗೆ ತಂತಿ ಇರುವದು. ಹಿರಿಯರ ಮನೆಯ ಮರಿಗೆ ಅಳತೆಯ ಪಟ್ಟಿ ಇದ್ದರೆ ಉಳಿದವರೂ ಅದನ್ನೇ ಕೇಳುವರು. ಊರಿನಲ್ಲಿ ನಾಯಿಗಳಿಗೆ ಚುಚ್ಚುಮದ್ದು ಹಾಕುವ ದಿನ ಪ್ರತಿಯೊಂದು ಮರಿಯ ಕೊರಳನ್ನೂ ಬೆರಳಿನಿಂದ ಪರೀಕ್ಷಿಸುವ ಕೆಲಸವನ್ನು ಒಬ್ಬ ತಿಳಿದವನಿಗೆ ಒಪ್ಪಿಸಬಹುದು. ಹೊಲದಲ್ಲಿ ಕುರಿ ತರುಬಿಸುವಾಗ ಕುರುಬರ ಮರಿಗಳನ್ನೂ ನೋಡಬಹುದು. ಶಾಲೆಯ ಮಕ್ಕಳಿಗೆ ಈ ಪರೀಕ್ಷೆಯನ್ನು ಕಲಿಸುವದು ಎಲ್ಲಕ್ಕಿಂತ ಹೆಚ್ಚಿನ ಫಲವನ್ನು ಕೊಡುವದು. ಯಾಕಂದರೆ ಮರಿಯ ಕೊರಳಿಗೆ ದಾರವನ್ನು ಕಟ್ಟುವವರೂ ಅವರೇ, ಅದನ್ನು ದಿನಾಲು ಎತ್ತಿ ಮುದ್ದಿಸುವವರೂ ಅವರೇ.

ಸಾರಾಂಶ

(೧) ತಾಯಿಯ ಬಳಿ ಇರುವ ಮರಿಗೆ ಏನನ್ನೂ ಕಟ್ಟಬಾರದು.
(೨) ನೂಲಿನಿಂದ ಅಳೆದು ೨ ಸೆಂಟಿಮೀಟರ್ ಕೂಡಿಸಬೇಕು. ಪಟ್ಟಿಯ ಕೆಳಗೆ ಒಂದು ಬೆರಳು ಸೇರಬೇಕು.
(೩) ಪಟ್ಟಿಯು ಹಗುರವೂ, ಮೆತ್ತಗಿನದೂ, ೧ರಿಂದ ೧.೫ ಸೆಂಟಿಮೀಟರ್ ಅಗಲದ್ದೂ ಇರಬೇಕು. ದಾರ, ತಂತಿ, ರಬ್ಬರು, ಸರಪಳಿ ಕೂಡದು.
(೪) ಹಗ್ಗವನ್ನು ಎದೆಪಟ್ಟಿಗೆ ಕಟ್ಟಬೇಕು.
(೫) ಒಂಟಿಯಾಗಿ ಬಿಡುವಾಗಲೂ ರಾತ್ರಿಯಲ್ಲಿಯೂ ಪಟ್ಟಿಯನ್ನು ಬಿಚ್ಚಬೇಕು.
(೬) ಪ್ರತಿ ಸಂತೆಯ ದಿನ ಕೊರಳನ್ನು ಪರೀಕ್ಷಿಸಬೇಕು.

ಇವುಗಳಲ್ಲಿ ಯಾವದಕ್ಕೂ ಹೆಚ್ಚಿನ ಹಣವು ಬೇಕಾಗುವದಿಲ್ಲ. ಒಂದು ಮೊಳ ನೂಲು, ಒಂದು ಬೆರಳು, ವಾರಕ್ಕೆ ಒಂದು ಗಳಿಗೆಯ ಗಮನ ಇಷ್ಟೇ ಖರ್ಚು. ಹೀಗೆ ಬೆಳೆದ ಮರಿಯು ಮುಂದೆ ಹತ್ತು ಹನ್ನೆರಡು ವರ್ಷ ಮನೆಯ ಬಾಗಿಲನ್ನು ಕಾಯುವದು.